ಸ್ನೇಹಿತರ ವ್ಯಾಪಾರವೂ ಬರಹದ ಕರಾರೂ

(ಮನೆಕೂಟಗಳಲ್ಲಿ ಓದತಕ್ಕ ಪಾಠ)

ವೇದಭಾಗ: ಯೆರೆಮೀಯ 32:6–15. ಇದರೊಂದಿಗೆ ಓದತಕ್ಕವುಗಳು: ಆದಿಕಾಂಡ 23, ಜ್ಞಾನೋಕ್ತಿ 6:1–5, 1 ಕೊರಿಂಥ 6:1–8, ಫಿಲೆಮೋನ 17–19.



ಕುಡಿತ, ಜೂಜು, ಸುಳ್ಳುಸಾಕ್ಷಿ ಮೊದಲಾದ ಪಾಪಗಳ ವಿಷಯದಲ್ಲಿ ನಮ್ಮ ಸಭೆಗಳಲ್ಲಿ ಅನೇಕ ಪ್ರಸಂಗಗಳು ಆಗುತ್ತವೆ. ಆದರೆ ಒಂದೇ ಬೆಂಚಿನ ಮೇಲೆ ಕೂತು ಕೀರ್ತನೆ ಹಾಡುತ್ತಿದ್ದ ಎರಡು ಮನೆಗಳವರನ್ನು ದೇವಾಲಯದ ಎರಡು ಬಾಗಲುಗಳಿಂದ ಹೊರಡುವಂತೆ ಮಾಡುವ ಇನ್ನೊಂದು ಸಂಗತಿಯ ವಿಷಯವಾಗಿ ನಾವು ಸ್ವಲ್ಪವೇ ಮಾತಾಡುತ್ತೇವೆ. ಅದು ಯಾವದಂದರೆ, ಸ್ನೇಹಿತರು ಒಬ್ಬರನ್ನೊಬ್ಬರು ನಂಬಿ, ಒಂದು ಸಾಲಾದರೂ ಬರೆದುಕೊಳ್ಳದೆ, ಹಣ ಹಾಕಿ ಕೂಡಿ ಮಾಡುವ ವ್ಯಾಪಾರವೇ.

ಈ ಪಾಠವು ವೈಟ್‌ಫೀಲ್ಡಿನ ಪಕ್ಕದ ಪಟ್ಟಂದೂರು ಅಗ್ರಹಾರದಂಥ ಊರುಗಳವರಿಗೆ ಹೆಚ್ಚಾಗಿ ಬೇಕಾಗಿದೆ. 1882ರಲ್ಲಿ ಮೈಸೂರಿನ ಮಹಾರಾಜರು ಆಂಗ್ಲೋ ಇಂಡಿಯನ್ನರ ಸಂಘಕ್ಕೆ ಭೂಮಿಯನ್ನು ಕೊಟ್ಟದ್ದರಿಂದ ವೈಟ್‌ಫೀಲ್ಡು ಒಕ್ಕಲುತನದ ಊರಾಗಿ ಹುಟ್ಟಿತು. ಈಗ ಅದರ ಸುತ್ತಲೂ ಟೆಕ್ ಪಾರ್ಕಿನ ಗಾಜಿನ ಮನೆಗಳು ನಿಂತಿವೆ. 2023ರ ಮಾರ್ಚ್ ತಿಂಗಳಲ್ಲಿ ಮೆಟ್ರೋ ರೈಲು ಬಂದು ಅಗ್ರಹಾರದ ಹೆಸರಿನಲ್ಲಿಯೇ ಒಂದು ನಿಲ್ದಾಣವಾಯಿತು. ಕೆಲಸ ಹುಡುಕಿ ಬಂದವರಿಗೆ ಊಟದ ಮನೆ, ಬಾಡಿಗೆಯ ಕೋಣೆ, ನೀರಿನ ಟ್ಯಾಂಕರು, ಸಾಮಾನು ಸಾಗಿಸುವ ಟೆಂಪೋ ಎಲ್ಲವೂ ಬೇಕು. ಆದದರಿಂದ ಹಳ್ಳಿಯ ಯೌವನಸ್ಥರು ಇಬ್ಬರು ಮೂವರು ಕೂಡಿಕೊಂಡು, “ನಮ್ಮೊಳಗೆ ಕಾಗದ ಯಾಕೆ?” ಎಂದು ಹೇಳಿ ವ್ಯಾಪಾರಕ್ಕೆ ಕೈಹಾಕುತ್ತಾರೆ. ಲಾಭವಿರುವ ತನಕ ಸಮಾಧಾನವಿರುವದು. ನಷ್ಟವಾಗಲಿ ಮರಣವಾಗಲಿ ಬಂದಾಗ, ಆ ದಿನ ಆಡಿದ ಮಾತು ಯಾವದೆಂದು ಒಬ್ಬೊಬ್ಬನು ಒಂದೊಂದು ವಿಧವಾಗಿ ಹೇಳುವನು.

1. ವೇದವು ಕಲಿಸುವದೇನು?

ಯೆರೆಮೀಯನು ಸೆರೆಮನೆಯ ಅಂಗಳದಲ್ಲಿದ್ದಾಗ ಬಾಬೆಲಿನ ದಂಡು ಯೆರೂಸಲೇಮಿಗೆ ಮುತ್ತಿಗೆ ಹಾಕಿತ್ತು. ಅಂಥ ಸಮಯದಲ್ಲಿ ಅವನ ಚಿಕ್ಕಪ್ಪನ ಮಗನಾದ ಹನಮೇಲನು ಬಂದು ಅನಾತೋತಿನ ಹೊಲವನ್ನು ಕೊಂಡುಕೊಳ್ಳೆಂದು ಕೇಳಿದನು. ಕೊಳ್ಳುವವನು ದೇವರ ಪ್ರವಾದಿ, ಮಾರುವವನು ರಕ್ತಸಂಬಂಧಿ, ಬೆಲೆಯು ಹದಿನೇಳು ಶೆಕೆಲ್ ಬೆಳ್ಳಿ ಮಾತ್ರವೇ. ಆದರೂ ಪ್ರವಾದಿಯು ಕ್ರಯಪತ್ರವನ್ನು ಬರೆದು, ಮುದ್ರೆ ಹಾಕಿ, ಸಾಕ್ಷಿಗಳನ್ನು ಕರೆದು, ಬೆಳ್ಳಿಯನ್ನು ತ್ರಾಸಿನಲ್ಲಿ ತೂಗಿಕೊಟ್ಟನು. ಪತ್ರವು ಮುದ್ರಿತವಾದದ್ದೊಂದು, ತೆರೆದದ್ದೊಂದು, ಹೀಗೆ ಎರಡಾಗಿತ್ತು. ಅವೆರಡನ್ನೂ ಬಹುಕಾಲ ಉಳಿಯುವ ಹಾಗೆ ಮಣ್ಣಿನ ಪಾತ್ರೆಯಲ್ಲಿಡಬೇಕೆಂದು ಬಾರೂಕನಿಗೆ ಅಪ್ಪಣೆಯಾಯಿತು. ಹೀಗಿರಲಾಗಿ ಬಂಧುವಿನ ಸಂಗಡ ಪತ್ರ ಬರೆದುಕೊಳ್ಳುವದು ಅಪನಂಬಿಕೆಯ ಗುರುತೆಂದು ಹೇಳುವವರು ಪ್ರವಾದಿಯ ವಿಷಯದಲ್ಲಿ ಏನು ಹೇಳುವರು?

ಅಬ್ರಹಾಮನ ನಡತೆಯನ್ನೂ ನೋಡೋಣ. ಸಾರಳನ್ನು ಹೂಣಿಡುವದಕ್ಕೋಸ್ಕರ ಅವನು ಮಕ್ಪೇಲದ ಗವಿಯನ್ನು ಕೇಳಿದಾಗ ಎಫ್ರೋನನು ಮೊದಲು ಅದನ್ನು ಸುಮ್ಮನೆ ಕೊಡುತ್ತೇನೆಂದನು. ಆಮೇಲೆ ನಾನೂರು ಶೆಕೆಲ್ ಬೆಲೆಯನ್ನು ಹೇಳಿ, ನಮ್ಮಿಬ್ಬರೊಳಗೆ ಅದೇನು ದೊಡ್ಡದು ಎಂಬಂತೆ ಮಾತಾಡಿದನು. ಸ್ನೇಹಿತರು ಇಂದಿಗೂ ಇದೇ ಮಾತನ್ನು ಆಡುತ್ತಾರಲ್ಲವೇ! ಅಬ್ರಹಾಮನು ಆ ಉಪಚಾರದ ಮಾತಿನ ಮೇಲೆ ನಿಲ್ಲಲಿಲ್ಲ. ಊರಬಾಗಲಲ್ಲಿ ಕೂಡಿದ್ದ ಹಿತ್ತಿಯರೆಲ್ಲರ ಮುಂದೆ ಬೆಳ್ಳಿಯನ್ನು ತೂಗಿಕೊಟ್ಟನು. ಹೊಲ, ಗವಿ, ಹೊಲದ ಮರಗಳು ಇವೆಲ್ಲವೂ ಕ್ರಯಕ್ಕೆ ಸೇರಿದವೆಂದು ಬಿಡಿಬಿಡಿಯಾಗಿ ಹೇಳಲ್ಪಟ್ಟಿವೆ.

ಇದಕ್ಕೆ ವಿರೋಧವಾದ ಉದಾಹರಣೆ ಲಾಬಾನನದು. ಯಾಕೋಬನು ಸೋದರಮಾವನ ಮನೆಯಲ್ಲಿ ಇಪ್ಪತ್ತು ವರುಷ ದುಡಿದನು. ಅವನ ಸಂಬಳವು ಹತ್ತು ಸಾರಿ ಬದಲಾಯಿತು. ಕಡೆಗೆ ಇಬ್ಬರೂ ಕಲ್ಲುಗಳ ಕುಪ್ಪೆಯನ್ನು ಹಾಕಿ ಒಡಂಬಡಿಕೆ ಮಾಡಿಕೊಂಡರು. ಮೊದಲು ಇಡಬೇಕಾದ ಕಲ್ಲನ್ನು ಕೊನೆಗೆ ಇಟ್ಟರು. ಹೊಸ ಒಡಂಬಡಿಕೆಯಲ್ಲಿ ಪೌಲನು ಒನೇಸಿಮನ ಸಾಲಕ್ಕೆ ತಾನು ಹೊಣೆಯಾದಾಗ ಪ್ರಿಯನಾದ ಫಿಲೆಮೋನನಿಗೂ ಅದನ್ನು ಸ್ವಂತ ಕೈಯಿಂದ ಬರೆದುಕೊಟ್ಟನು. ಅಪೊಸ್ತಲನ ಬಾಯಿಮಾತು ಸಾಲದೇ? ಸಾಕಾಗಿತ್ತು, ಆದರೂ ಬರೆದನು.

2. ದೇಶದ ಕಾನೂನು ಹೇಳುವದೇನು?

ಬಾಯಿಮಾತಿನ ಕರಾರು ಕರಾರೇ ಅಲ್ಲವೆಂದು ಕೆಲವರು ನೆನಸುತ್ತಾರೆ. ಇದು ತಪ್ಪು. 1872ರ ಕರಾರು ಕಾಯಿದೆಯ ಪ್ರಕಾರ, ಯೋಗ್ಯರಾದವರು ಸ್ವಂತ ಮನಸ್ಸಿನಿಂದ, ನ್ಯಾಯವಾದ ಪ್ರತಿಫಲಕ್ಕಾಗಿ, ನ್ಯಾಯವಾದ ಉದ್ದೇಶದಿಂದ ಒಪ್ಪಿದ ಮಾತು ಸಾಮಾನ್ಯವಾಗಿ ಅವರನ್ನು ಕಟ್ಟುತ್ತದೆ. ಕೆಲವು ಸಂಗತಿಗಳಿಗೆ ಮಾತ್ರ ಬರಹವೂ ರಿಜಿಸ್ಟ್ರಿಯೂ ಬೇಕೇ ಬೇಕು. ಹಾಗಾದರೆ ಅಪಾಯವು ಎಲ್ಲಿ? ಮಾತು ಆಯಿತೆಂದು ಹೇಳುವವನೇ ಅದನ್ನು ರುಜುವಾತು ಮಾಡಬೇಕು. ಸ್ಥಿರಾಸ್ತಿಯನ್ನು ಮಾರುವ ಬಾಯಿಮಾತಿನ ಒಪ್ಪಂದದ ವಿಷಯದಲ್ಲಿ ಸುಪ್ರೀಂ ಕೋರ್ಟು 1990ರಲ್ಲಿ ಹೇಳಿದ್ದೇನಂದರೆ, ಅಂಥ ಒಪ್ಪಂದವು ಆಗಬಾರದೆಂದಿಲ್ಲ, ಆದರೆ ಅದನ್ನು ನೆಚ್ಚಿ ಬರುವವನ ಮೇಲೆ ರುಜುವಾತಿನ ಭಾರವು ಬಹಳವಾಗಿರುವದು.

ಪಾಲುಗಾರಿಕೆಯ ವಿಷಯದಲ್ಲಿ ಇನ್ನೂ ಹೆಚ್ಚು ಎಚ್ಚರಿಕೆ ಬೇಕು. 1932ರ ಪಾಲುಗಾರಿಕೆ ಕಾಯಿದೆಯು ಕಾಗದವಿಲ್ಲದವರನ್ನು ಸುಮ್ಮನೆ ಬಿಡುವದಿಲ್ಲ. ಸ್ನೇಹಿತರು ತಾವಾಗಿ ಕರಾರು ಮಾಡದೆ ಬಿಟ್ಟ ಸ್ಥಳಗಳನ್ನು ಅದು ತನ್ನ ಕರಾರುಗಳಿಂದ ತುಂಬುತ್ತದೆ. ಅವುಗಳಲ್ಲಿ ಮುಖ್ಯವಾದವು ಇವು: ಲಾಭವು ಎಲ್ಲರಿಗೂ ಸಮಪಾಲು, ನಷ್ಟವೂ ಎಲ್ಲರಿಗೂ ಸಮಪಾಲು, ವ್ಯಾಪಾರದಲ್ಲಿ ಮೈಮುರಿದು ದುಡಿದವನಿಗೆ ಪ್ರತ್ಯೇಕ ಸಂಬಳವಿಲ್ಲ, ಒಪ್ಪಿದ ಬಂಡವಾಳಕ್ಕಿಂತ ಹೆಚ್ಚಾಗಿ ಕೊಟ್ಟ ಮುಂಗಡಕ್ಕೆ ಮಾತ್ರ ವರುಷಕ್ಕೆ ನೂರಕ್ಕೆ 6ರಂತೆ ಬಡ್ಡಿ.

ಇದನ್ನು ಒಂದು ಲೆಕ್ಕದಿಂದ ತಿಳುಕೊಳ್ಳೋಣ. ಒಬ್ಬನು 3 ಲಕ್ಷ ರೂಪಾಯಿ, ಇನ್ನೊಬ್ಬನು 1 ಲಕ್ಷ ರೂಪಾಯಿ ಹಾಕಿ ಒಂದು ಟೆಂಪೋ ಕೊಂಡರೆಂದು ಇಟ್ಟುಕೊಳ್ಳಿರಿ. ಎರಡನೆಯವನು ಹಗಲಿರುಳು ಅದನ್ನು ಓಡಿಸುತ್ತಾನೆ. ಪಾಲಿನ ಮಾತು ಏನೂ ಆಗಿಲ್ಲ. ವ್ಯಾಪಾರವು ಕೆಟ್ಟು, ಬೇರೆ ಸಾಲವೇನೂ ಇಲ್ಲದೆ, ಗಾಡಿಯು 1 ಲಕ್ಷಕ್ಕೆ ಮಾರಿಹೋಯಿತು. ಆಗ ನಷ್ಟವು 3 ಲಕ್ಷ. ಒಬ್ಬೊಬ್ಬನ ಪಾಲಿಗೆ ಒಂದೂವರೆ ಲಕ್ಷ. ಮೂರು ಲಕ್ಷ ಹಾಕಿದವನಿಗೆ ಒಂದೂವರೆ ಲಕ್ಷ ಹಿಂದಿರುಗಬೇಕು. ಒಂದು ಲಕ್ಷ ಹಾಕಿದ ಚಾಲಕನೋ, ಹಾಕಿದ್ದೆಲ್ಲವನ್ನೂ ಕಳೆದುಕೊಂಡದ್ದಲ್ಲದೆ, ಇನ್ನೂ 50,000 ರೂಪಾಯಿಯನ್ನು ಮನೆಯಿಂದ ತರಬೇಕಾಗುವದು; ಅವನ ದುಡಿಮೆಗೆ ಕೂಲಿಯೂ ಇಲ್ಲ. “ನಷ್ಟವನ್ನು ಅವರವರು ಹಾಕಿದ ಹಣದ ಪ್ರಕಾರ ಹಂಚತಕ್ಕದ್ದು, ಓಡಿಸುವವನಿಗೆ ತಿಂಗಳಿಗೆ ಇಷ್ಟು ಕೂಲಿ” ಎಂದು ಎರಡು ಸಾಲು ಬರೆದಿದ್ದರೆ ಈ ಬಡವನು ಹೀಗೆ ಕೆಡುತ್ತಿರಲಿಲ್ಲ. ಕಾಗದವು ಐಶ್ವರ್ಯವಂತರಿಗೆ ಮಾತ್ರ ಬೇಕಾದದ್ದೆಂದು ಯಾರೂ ಹೇಳದಿರಲಿ.

ಇದಲ್ಲದೆ, ಪಾಲುಗಾರಿಕೆಯ ಸಾಲಕ್ಕೆ ಪ್ರತಿಯೊಬ್ಬ ಪಾಲುಗಾರನೂ ಪೂರ್ತಿ ಹೊಣೆ. ಒಬ್ಬನು ಅಂಗಡಿಯ ಹೆಸರಿನಲ್ಲಿ ಅಕ್ಕಿ ಎಣ್ಣೆಗಳನ್ನು ಸಾಲ ತಂದು ಊರು ಬಿಟ್ಟರೆ, ಸಾಲಗಾರನು ಊರಲ್ಲಿ ಉಳಿದವನಿಂದಲೇ ಎಲ್ಲವನ್ನೂ ವಸೂಲು ಮಾಡಬಹುದು. ಬೇರೆ ಕರಾರು ಇಲ್ಲದಿದ್ದರೆ ಒಬ್ಬ ಪಾಲುಗಾರನ ಮರಣದಿಂದ ಪಾಲುಗಾರಿಕೆಯೇ ಮುರಿಯುವದು. ಆಗ ವಿಧವೆಯು ಲೆಕ್ಕ ಕೇಳಲು ಹೋದರೆ, “ನಿನ್ನ ಗಂಡನು ಹಾಕಿದ್ದೇನು?” ಎಂಬ ಪ್ರಶ್ನೆಗೆ ಅವಳು ಏನು ತೋರಿಸುವಳು? ನಮ್ಮ ಸ್ನೇಹಿತನು ಮೋಸಗಾರನಲ್ಲದೆ ಇರಬಹುದು. ಆದರೆ ನಮ್ಮ ಜೀವವು ಸ್ವಲ್ಪ ಹೊತ್ತು ಕಾಣಿಸಿ ಮಾಯವಾಗುವ ಹೊಗೆಯಂತಿದೆ ಎಂದು ಯಾಕೋಬನ ಪತ್ರಿಕೆಯು ಎಚ್ಚರಿಸುತ್ತದೆ.

ಬರೆದರೆ ಸಾಲದು, ರಿಜಿಸ್ಟರೂ ಮಾಡಿಸಬೇಕು. ಅದು ಕಡ್ಡಾಯವಲ್ಲ, ಆದರೆ ಅದೇ ಕಾಯಿದೆಯ 69ನೇ ಕಲಮಿನ ಪ್ರಕಾರ, ರಿಜಿಸ್ಟರಾಗದ ಪಾಲುಗಾರಿಕೆಯಲ್ಲಿ ಒಬ್ಬನು ಕರಾರಿನಿಂದ ಬಂದ ಹಕ್ಕಿಗಾಗಿ ಇನ್ನೊಬ್ಬನ ಮೇಲೆ ದಾವೆ ಹಾಕಲಾರನು, ಸಂಸ್ಥೆಯೂ ತನಗೆ ಬಾಕಿ ಕೊಡಬೇಕಾದ ಗಿರಾಕಿಯ ಮೇಲೆ ದಾವೆ ಹಾಕಲಾರದು. ಆದರೆ ಹೊರಗಿನವರು ಪಾಲುಗಾರರ ಮೇಲೆ ದಾವೆ ಹಾಕಬಹುದು! 2025ರ ಜನವರಿಯಲ್ಲಿಯೂ ಸುಪ್ರೀಂ ಕೋರ್ಟು ಇದೇ ಕಲಮಿನ ಮೇಲೆ, ಒಬ್ಬ ಪಾಲುಗಾರನು ಇನ್ನೊಬ್ಬನಿಂದ ಹಣ ವಸೂಲು ಮಾಡಲು ಹಾಕಿದ ದಾವೆಯು ನಿಲ್ಲದೆಂದು ತೀರ್ಪು ಕೊಟ್ಟಿತು. ಪಾಲುಗಾರಿಕೆಯನ್ನು ಮುರಿದು ಲೆಕ್ಕ ಕೊಡಿಸಬೇಕೆಂದು ಕೇಳುವ ದಾವೆಗೆ ಮಾತ್ರ ದಾರಿ ಉಂಟು. ಮುರಿದ ಪಾಲುಗಾರಿಕೆಯ ಲೆಕ್ಕವನ್ನು ಮುರಿದ ದಿನದಿಂದ ಮೂರು ವರುಷಗಳೊಳಗೆ ಕೇಳಬೇಕು.

3. ಕೈಸಾಲವೂ ಚೆಕ್ಕೂ

ಸ್ನೇಹಿತನಿಗೆ ಕೊಟ್ಟ ಕೈಸಾಲಕ್ಕೂ ಕಾಲದ ಮಿತಿ ಉಂಟು. 1963ರ ವಾಯಿದೆ ಕಾಯಿದೆಯ ಪ್ರಕಾರ, ತೀರಿಸುವ ದಿನವನ್ನು ಗೊತ್ತುಮಾಡದ ಸಾಲಕ್ಕೆ ಕೊಟ್ಟ ದಿನದಿಂದ ಮೂರು ವರುಷಗಳೊಳಗೆ ದಾವೆ ಹಾಕಬೇಕು. “ಬೆಳೆ ಬಂದ ಮೇಲೆ ಕೊಡುವೆನು, ಮಗಳ ಮದುವೆಯಾದ ಮೇಲೆ ಕೊಡುವೆನು” ಎಂಬ ಬಾಯಿಮಾತುಗಳಿಂದ ಆ ಕಾಲವು ಹೊಸದಾಗಿ ಆರಂಭವಾಗುವದಿಲ್ಲ. ಮೂರು ವರುಷಗಳೊಳಗೆ ಸಾಲಗಾರನು ಸಾಲವನ್ನು ಒಪ್ಪಿ ಬರೆದು ರುಜು ಹಾಕಿಕೊಟ್ಟರೆ ಆ ದಿನದಿಂದ ಹೊಸ ಕಾಲವು ಆರಂಭವಾಗುವದು.

ಈ ವಿಷಯದಲ್ಲಿ ನಮ್ಮ ಕರ್ನಾಟಕದ ಎರಡು ಮೊಕದ್ದಮೆಗಳು ಒಳ್ಳೆಯ ಪಾಠಗಳಾಗಿವೆ. ರಾಣೆಬೆನ್ನೂರಿನಲ್ಲಿ ಒಬ್ಬ ಮೆಕ್ಯಾನಿಕನು ಮನೆ ಕಟ್ಟಿಸಿದನು. ಒಬ್ಬ ಇಂಜಿನಿಯರನು ಕೆಲಸದ ಮೇಲ್ವಿಚಾರಣೆ ಮಾಡಿದನು. 1998ರಲ್ಲಿ ಕೆಲಸ ಮುಗಿಯಿತು. ಪರಿಚಯದ ಮೇಲೆ ತಾನು 45,000 ರೂಪಾಯಿಯನ್ನು ನಗದಾಗಿ ಕೈಸಾಲ ಕೊಟ್ಟೆನೆಂದು ಇಂಜಿನಿಯರನು ಹೇಳಿದನು. ಸಾಲ ತೀರಿಸುವ ಕಾಲವು 1999ಕ್ಕೂ, ಆಮೇಲೆ 2000ಕ್ಕೂ ಮುಂದೆ ಹೋಗಿ, ಕಡೆಗೆ 2001ರ ತಾರೀಖಿನ ಚೆಕ್ಕು ಬಂತು; ಬ್ಯಾಂಕು ಅದನ್ನು ಹಿಂದಿರುಗಿಸಿತು. ತನ್ನ ಚೆಕ್ಕು ಕಳೆದುಹೋಗಿತ್ತೆಂದು ಮೆಕ್ಯಾನಿಕನು ವಾದಿಸಿದನು. ಕೆಳಗಿನ ಕೋರ್ಟು ಅವನನ್ನು ಬಿಟ್ಟಿತು; ಹೈಕೋರ್ಟು ತಪ್ಪಿತಸ್ಥನೆಂದಿತು; ಸುಪ್ರೀಂ ಕೋರ್ಟು 2010ರ ಮೇ ತಿಂಗಳಲ್ಲಿ ಹೈಕೋರ್ಟಿನ ತೀರ್ಪನ್ನು ಎತ್ತಿಹಿಡಿಯಿತು. ಯಾಕಂದರೆ ರುಜು ಮಾಡಿದ ಚೆಕ್ಕು ಕಾನೂನಿನ ಪ್ರಕಾರ ಸಲ್ಲತಕ್ಕ ಸಾಲಕ್ಕಾಗಿಯೇ ಕೊಡಲ್ಪಟ್ಟಿತೆಂದು, ಬೇರೆ ವಿಧವಾಗಿ ತೋರುವ ತನಕ, ಕಾನೂನು ಭಾವಿಸುತ್ತದೆ. 45,000 ರೂಪಾಯಿಯ ಮಾತು ತೀರುವದಕ್ಕೆ ಹತ್ತು ವರುಷಗಳಿಗಿಂತ ಹೆಚ್ಚು ಕಾಲ ಹಿಡಿಯಿತೆಂಬದನ್ನು ಗಮನಿಸಿರಿ.

ಇನ್ನೊಂದರಲ್ಲಿ 6 ಲಕ್ಷ ರೂಪಾಯಿಯ ಕೈಸಾಲಕ್ಕಾಗಿ 2012ರ ಚೆಕ್ಕು ಇತ್ತು. ಆದರೆ ಸಾಲ ಕೊಟ್ಟೆನೆಂಬವನಿಗೆ ಆ ಕಾಲದಲ್ಲಿ ಅಷ್ಟು ಹಣ ಕೊಡುವ ಶಕ್ತಿ ಇತ್ತೇ ಎಂಬ ಪ್ರಶ್ನೆ ಎದ್ದಿತು. ಅವನು ಅದನ್ನು ತೋರಿಸಲಾರದೆ ಹೋದನು. ಸುಪ್ರೀಂ ಕೋರ್ಟು 2019ರ ಏಪ್ರಿಲಿನಲ್ಲಿ ಆಪಾದಿತನನ್ನು ಬಿಡುಗಡೆ ಮಾಡಿತು. ಹೀಗೆ ಮೊದಲನೆಯದು ಸಾಲ ತೆಗೆದುಕೊಳ್ಳುವವರಿಗೆ, ಎರಡನೆಯದು ಸಾಲ ಕೊಡುವವರಿಗೆ ಬುದ್ಧಿ ಕಲಿಸುತ್ತದೆ. ಸ್ನೇಹದ ಮೇಲೆ ಖಾಲಿ ಚೆಕ್ಕಿಗೆ ರುಜು ಹಾಕಿಕೊಡಬೇಡಿರಿ. ಖಾಲಿ ಚೆಕ್ಕನ್ನು ನೆಚ್ಚಿ ಸಾಲ ಕೊಡಲೂ ಬೇಡಿರಿ.

ಚೆಕ್ಕು ತಿರುಗಿ ಬಂದವರು ತಡಮಾಡಬಾರದು. ಬ್ಯಾಂಕಿನ ತಿಳುವಳಿಕೆ ಸಿಕ್ಕಿದ 30 ದಿವಸಗಳೊಳಗೆ ಬರಹದ ನೋಟೀಸು ಕೊಡಬೇಕು. ಅದು ತಲಪಿದ ಮೇಲೆ ತೀರಿಸಲಿಕ್ಕೆ 15 ದಿವಸ ಕಾಲ. ತೀರಿಸದಿದ್ದರೆ ಮುಂದಿನ ಒಂದು ತಿಂಗಳೊಳಗೆ ಫಿರ್ಯಾದು ಮಾಡಬೇಕು.

ವರಮಾನ ತೆರಿಗೆಯ ಕಾನೂನು 20,000 ರೂಪಾಯಿಯನ್ನಾಗಲಿ ಅದಕ್ಕೆ ಹೆಚ್ಚಿನದನ್ನಾಗಲಿ ನಗದು ಸಾಲವಾಗಿ ತೆಗೆದುಕೊಳ್ಳುವದನ್ನು ಸಾಧಾರಣವಾಗಿ ತಡೆಯುತ್ತದೆ. ಬ್ಯಾಂಕಿನ ಮೂಲಕವೇ ಕೊಟ್ಟು ತೆಗೆದುಕೊಳ್ಳಿರಿ. ಫೋನಿನಿಂದ ಕಳುಹಿಸಿದ ಹಣವು ಹೋಯಿತೆಂಬದಕ್ಕೆ ಬ್ಯಾಂಕಿನ ಲೆಕ್ಕವು ಸಾಕ್ಷಿಯಾಗುವದು; ಆದರೆ ಅದು ಸಾಲವೋ, ಬಂಡವಾಳವೋ, ದಾನವೋ ಎಂಬದನ್ನು ಅದು ಹೇಳದು. ಆ ದಿನವೇ ಕಳುಹಿಸಿದ ಒಂದು ಸಂದೇಶವು ಅದನ್ನು ಹೇಳುವದು. 2024ರ ಜುಲೈ 1ರಿಂದ ನಡೆಯುತ್ತಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಇಂಥ ದಾಖಲೆಗಳಿಗೂ ಕ್ರಮಪ್ರಕಾರ ಸ್ಥಾನವುಂಟು.

4. ಜಮೀನು, ಗಾಡಿ, ಜಾಮೀನು

ಜಮೀನನ್ನಾಗಲಿ ಸೈಟನ್ನಾಗಲಿ ಕೊಂಡವರು ರಿಜಿಸ್ಟರಾದ ಕ್ರಯಪತ್ರವಿಲ್ಲದೆ ಒಡೆಯರಾಗುವದಿಲ್ಲ. ಜನರಲ್ ಪವರ್ ಆಫ್ ಅಟಾರ್ನಿ ಪತ್ರವನ್ನು ಕೈಯಲ್ಲಿಟ್ಟುಕೊಂಡು ಸೈಟು ನಮ್ಮದೆಂದು ಹೇಳುವವರಿಗೆ ಅದರಿಂದ ಒಡೆತನವು ಬಾರದೆಂದು ಸುಪ್ರೀಂ ಕೋರ್ಟು 2011ರಲ್ಲಿ ಸ್ಪಷ್ಟಮಾಡಿತು. ನಿಮ್ಮ ಹಣದಿಂದ ಸ್ನೇಹಿತನ ಹೆಸರಿನಲ್ಲಿ ಭೂಮಿಯನ್ನು ಕೊಳ್ಳುವದು ಇನ್ನೂ ಕೆಟ್ಟದ್ದು, 1988ರ ಬೇನಾಮಿ ಕಾಯಿದೆಯೂ 2016ರ ಅದರ ತಿದ್ದುಪಡಿಯೂ ಅಂಥ ಸ್ವತ್ತನ್ನು ಸರಕಾರವು ಜಫ್ತು ಮಾಡುವದಕ್ಕೆ ಅಧಿಕಾರ ಕೊಟ್ಟಿವೆ, ಸೆರೆವಾಸವೂ ಉಂಟು.

ಗಾಡಿಯನ್ನು ಸ್ನೇಹಿತನಿಗೆ ಮಾರಿ ದಾಖಲೆಯಲ್ಲಿ ಹೆಸರನ್ನು ಬದಲಾಯಿಸದೆ ಬಿಡುವವರು ಅನೇಕರಿದ್ದಾರೆ. ಆ ಗಾಡಿಯಿಂದ ಅಪಘಾತವಾದರೆ ಪರಿಹಾರಕ್ಕೆ ದಾಖಲೆಯಲ್ಲಿರುವ ಒಡೆಯನೇ ಹೊಣೆಯೆಂದು 2018ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿದೆ. ಮಾರಿ ವರುಷಗಳಾದ ಆಟೋದ ನಿಮಿತ್ತ ಮಾರಿದವನ ಮನೆಗೆ ನೋಟೀಸು ಬರಬಹುದು.

ಜಾಮೀನಿನ ವಿಷಯದಲ್ಲಿ ಸೊಲೊಮೋನನು ಬಹಳ ಗಟ್ಟಿಯಾಗಿ ಹೇಳಿದ್ದಾನೆ: ನೆರೆಯವನಿಗೆ ಹೊಣೆಯಾದವನು ಬೇಟೆಗಾರನ ಕೈಯಿಂದ ಜಿಂಕೆಯು ತಪ್ಪಿಸಿಕೊಳ್ಳುವಂತೆ ತಪ್ಪಿಸಿಕೊಳ್ಳಲಿ ಎಂಬದೇ ಅದರ ಅರ್ಥ. ಕರಾರು ಕಾಯಿದೆಯ 128ನೇ ಕಲಮಿನ ಪ್ರಕಾರ, ಬೇರೆ ಕರಾರು ಇಲ್ಲದಿದ್ದರೆ ಜಾಮೀನುದಾರನ ಹೊಣೆಯು ಸಾಲಗಾರನ ಹೊಣೆಯಷ್ಟೇ ಇರುವದು. “ಸುಮ್ಮನೆ ಒಂದು ರುಜು” ಎಂಬದು ಲೋಕದಲ್ಲಿಲ್ಲ.

5. ಕೆಲವರ ಆಕ್ಷೇಪಣೆಗಳು

“ನಮ್ಮ ಮಾತು ಹೌದಾದರೆ ಹೌದು, ಅಲ್ಲವಾದರೆ ಅಲ್ಲ ಎಂದಿರಬೇಕೆಂಬದು ಕರ್ತನ ಬೋಧನೆಯಲ್ಲವೇ? ಕಾಗದ ಯಾಕೆ?” ಎಂದು ಕೆಲವರು ಕೇಳುತ್ತಾರೆ. ಬರಹವು ಹೌದೆಂಬ ಮಾತನ್ನು ಸುಳ್ಳು ಮಾಡುವದಿಲ್ಲ, ಅದನ್ನು ಕಾಪಾಡುವದು. ಯಥಾರ್ಥನೂ ಮರೆಯುತ್ತಾನೆ. ಸಭೆಗಳ ಧರ್ಮದ ಹಣವನ್ನು ಒಯ್ಯುವಾಗ ಪೌಲನು ತನ್ನ ಸಂಗಡ ಬೇರೆ ಸಹೋದರರನ್ನು ಕರಕೊಂಡನು. ದೇವರ ಮುಂದೆ ಮಾತ್ರವಲ್ಲ, ಮನುಷ್ಯರ ಮುಂದೆಯೂ ನಿಂದೆಗೆ ಎಡೆಯಿರಬಾರದೆಂದು ಅವನಿಗೆ ಚಿಂತೆಯಿತ್ತು.

“ಕಾಗದ ಕೇಳಿದರೆ ಅಣ್ಣನು ಬೇಜಾರು ಪಡುವನು” ಎಂದು ಇನ್ನು ಕೆಲವರು ಹೇಳುವರು. ಆರಂಭದ ದಿನದ ಬೇಜಾರು ಸಾಯಂಕಾಲಕ್ಕೆ ಹೋಗುವದು. ಮೂರು ವರುಷದ ಮೇಲೆ ಕೋರ್ಟಿನ ಮೆಟ್ಟಲಲ್ಲಿ ಆಗುವ ಬೇಜಾರು ಮಕ್ಕಳ ಕಾಲಕ್ಕೂ ಉಳಿಯುವದು. ಕೇಳುವದಕ್ಕೆ ನಾಚಿಕೆಯಾದರೆ ಹೀಗೆ ಹೇಳಿರಿ: “ಅಣ್ಣಾ, ನಾನು ನಾಳೆ ಸತ್ತರೆ ನನ್ನ ಹೆಂಡತಿ ಮಕ್ಕಳು ನಿಮ್ಮನ್ನು ತೊಂದರೆಪಡಿಸಬಾರದು, ಆದದರಿಂದ ಬರೆದಿಡೋಣ.” ಇದು ನಿಜವಾದ ಪ್ರೀತಿಯ ಮಾತು.

6. ಬರೆಯತಕ್ಕದ್ದೇನು?

ಸರಳವಾದ ಕನ್ನಡದಲ್ಲಿ ಈ ಸಂಗತಿಗಳನ್ನು ಬರೆದುಕೊಳ್ಳಿರಿ: ತಾರೀಖು, ಹೆಸರುಗಳು, ವಿಳಾಸಗಳು, ಒಬ್ಬೊಬ್ಬನು ಹಾಕಿದ ಹಣವೆಷ್ಟು, ಅದು ಸಾಲವೋ ಬಂಡವಾಳವೋ, ಲಾಭನಷ್ಟಗಳ ಪಾಲು, ಯಾರ ಕೆಲಸ ಯಾವದು, ಅದಕ್ಕೆ ಕೂಲಿ ಎಷ್ಟು, ಗಾಡಿಯೂ ಅಂಗಡಿಯ ಬಾಡಿಗೆ ಕರಾರೂ ಯಾರ ಹೆಸರಿನಲ್ಲಿವೆ, ಲೆಕ್ಕ ಬರೆಯುವವನು ಯಾರು, ತಿಂಗಳಿಗೊಮ್ಮೆ ಯಾವ ದಿನ ಲೆಕ್ಕ ನೋಡತಕ್ಕದ್ದು, ಇಬ್ಬರ ರುಜು ಇಲ್ಲದೆ ಎಷ್ಟರ ಮೇಲೆ ಸಾಲ ಮಾಡಬಾರದು, ಒಬ್ಬನು ಬಿಟ್ಟುಹೋದರೆ ಅಥವಾ ಸತ್ತರೆ ಅವನ ಪಾಲನ್ನು ಹೇಗೆ ಕೊಡತಕ್ಕದ್ದು, ಜಗಳವಾದರೆ ಮೊದಲು ಯಾರ ಮುಂದೆ ಹೇಳತಕ್ಕದ್ದು.

ತಕ್ಕ ಮೊತ್ತದ ಇ-ಸ್ಟಾಂಪ್ ಕಾಗದದಲ್ಲಿ ಬರೆಯಿಸಿ, ಇಬ್ಬರು ಸಾಕ್ಷಿಗಳ ಮುಂದೆ ಎಲ್ಲರೂ ಪ್ರತಿ ಪುಟಕ್ಕೂ ರುಜು ಮಾಡಿರಿ. ಓದಲಾರದವರಿಗೆ ಪೂರ್ತಿಯಾಗಿ ಓದಿಹೇಳಿ, ಆಮೇಲೆ ಹೆಬ್ಬೆಟ್ಟು ಒತ್ತಿಸಿರಿ. ಒಬ್ಬೊಬ್ಬರ ಮನೆಯಲ್ಲಿ ಒಂದೊಂದು ಪ್ರತಿ ಇರಲಿ. ಅದು ಎಲ್ಲಿದೆಯೆಂದು ಹೆಂಡತಿಗೂ ತಿಳಿದಿರಲಿ. ದೊಡ್ಡ ಮೊತ್ತವಾದರೆ ವಕೀಲನಿಗೆ ಕೊಡುವ ಫೀಜು ವ್ಯರ್ಥವಲ್ಲ.

7. ಈಗಾಗಲೇ ಜಗಳವಾಗಿದ್ದರೆ?

ಮತ್ತಾಯ 18ನೇ ಅಧ್ಯಾಯದ ಕ್ರಮದಂತೆ ಮೊದಲು ಇಬ್ಬರೇ ಕೂತು ಮಾತಾಡಿರಿ. ಆಗದಿದ್ದರೆ ಒಬ್ಬಿಬ್ಬರು ಹಿರಿಯರನ್ನು ಕರಕೊಳ್ಳಿರಿ. ಸಹೋದರರು ನ್ಯಾಯಸ್ಥಾನಕ್ಕೆ ಹೋಗುವದನ್ನು ಕಂಡು ಅಪೊಸ್ತಲನು ಕೊರಿಂಥದವರನ್ನು ನಾಚಿಸಿದನು. ಆದರೂ ಸಭೆಯ ಹೆಸರು ಕೆಡುವದೆಂದು ಹೇಳಿ ಬಡವನ ಅಥವಾ ವಿಧವೆಯ ಬಾಯಿಕಟ್ಟುವದು ಆ ಬೋಧನೆಯ ಅರ್ಥವಲ್ಲ. ಅನ್ಯಾಯ ಮಾಡುವವರನ್ನೇ ಅವನು ಅಲ್ಲಿ ಗದರಿಸಿದ್ದಾನೆ. ಹಿರಿಯರು ಮಾತಾಡುತ್ತಿರುವಾಗ ಮೂರು ವರುಷದ ವಾಯಿದೆಯು ನಿಲ್ಲದೆಂಬದನ್ನು ಮರೆಯಬಾರದು. ಒಪ್ಪಿದ್ದನ್ನು ಅಂದೇ ಬರೆದು ರುಜು ಮಾಡಿಸಿರಿ.

ಹಿರಿಯರಿಂದ ಆಗದಿದ್ದರೆ ಲೋಕ ಅದಾಲತು ಉಂಟು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ ಪ್ರಕಾರ, ಅಲ್ಲಿ ಇಬ್ಬರೂ ಒಪ್ಪಿ ಆದ ತೀರ್ಮಾನವು ಕೋರ್ಟಿನ ಡಿಕ್ರಿಯಂತೆ ಸಲ್ಲುವದು. ಅದರ ಮೇಲೆ ಅಪೀಲಿಲ್ಲ. ಸ್ತ್ರೀಯರಿಗೂ ಕಾಯಿದೆಯು ಹೇಳುವ ಇತರ ಕೆಲವರಿಗೂ ಫೀಜಿಲ್ಲದೆ ವಕೀಲರ ಸಹಾಯ ಸಿಕ್ಕುವದು. 15100 ಎಂಬ ಸಂಖ್ಯೆಗೆ ಫೋನು ಮಾಡಿ ವಿಚಾರಿಸಬಹುದು.

ಪ್ರಿಯರೇ, ಪ್ರೀತಿಯೆಂಬ ಸಾಲವೊಂದನ್ನೇ ಹೊರತು ಯಾವ ಸಾಲವೂ ನಮ್ಮ ಮೇಲೆ ಇರಬಾರದೆಂಬದು ರೋಮಾಪುರದವರಿಗೆ ಬರೆದ ಪತ್ರಿಕೆಯ ಬೋಧನೆ. ಪ್ರೀತಿಯ ಸಾಲಕ್ಕೆ ಕಾಗದವಿಲ್ಲ, ವಾಯಿದೆಯೂ ಇಲ್ಲ. ಬೇರೆ ಎಲ್ಲಾ ಸಾಲಗಳನ್ನು ಕಾಗದಕ್ಕೆ ಒಪ್ಪಿಸೋಣ. ಹಾಗೆ ಮಾಡಿದರೆ ಹಣದ ಭಾರವು ಸ್ನೇಹದ ಮೇಲೆ ಬೀಳುವದಿಲ್ಲ.

ಕೂಟದಲ್ಲಿ ಕೇಳತಕ್ಕ ಪ್ರಶ್ನೆಗಳು

1. ಯೆರೆಮೀಯನು ಬಂಧುವಿನ ಹೊಲವನ್ನು ಕೊಳ್ಳುವಾಗ ಯಾವ ಯಾವ ಕಾರ್ಯಗಳನ್ನು ಮಾಡಿದನು?
2. ಎಫ್ರೋನನ ಉಪಚಾರದ ಮಾತಿಗೆ ಅಬ್ರಹಾಮನು ಯಾಕೆ ಒಪ್ಪಲಿಲ್ಲ?
3. ಪಾಲಿನ ಕರಾರು ಇಲ್ಲದಿದ್ದರೆ ಲಾಭನಷ್ಟಗಳು ಹೇಗೆ ಹಂಚಲ್ಪಡುವವು? ಟೆಂಪೋ ಗಾಡಿಯ ಲೆಕ್ಕವನ್ನು ಮಾಡಿ ತೋರಿಸಿರಿ.
4. ಕೈಸಾಲದ ವಾಯಿದೆ ಎಷ್ಟು? ಅದು ಯಾವದರಿಂದ ಹೊಸದಾಗುವದು?
5. ನೀವು ಈಗ ಬಾಯಿಮಾತಿನ ಮೇಲೆ ನಡಿಸುತ್ತಿರುವ ವ್ಯವಹಾರ ಯಾವದಾದರೂ ಉಂಟೋ? ಈ ವಾರದಲ್ಲಿ ಅದನ್ನು ಯಾರ ಸಂಗಡ ಕೂತು ಬರೆಯುವಿರಿ?

ಪ್ರಾರ್ಥನೆಯ ವಿಷಯ: ಹಣದ ನಿಮಿತ್ತ ಅಗಲಿದ ಸಹೋದರರು ಕರ್ತನ ಮೇಜಿಗೆ ಒಟ್ಟಾಗಿ ಬರುವ ಹಾಗೆಯೂ, ವಿಧವೆಯರ ಪಾಲು ಅವರ ಕೈಸೇರುವ ಹಾಗೆಯೂ, ಹಿರಿಯರಿಗೆ ಪಕ್ಷಪಾತವಿಲ್ಲದ ಬುದ್ಧಿ ಉಂಟಾಗುವ ಹಾಗೆಯೂ ಬೇಡಿಕೊಳ್ಳಿರಿ.